ಶಂಖವಲ್ಲ, ಶಂಕು

ಬಸವನಹುಳುವೆಂದರೆ ನಮಗೆಲ್ಲ ನಿರಪಾಯವಾದ ಪ್ರಾಣಿ. ಮಳೆಗಾಲದಲ್ಲಿ ತೋಟದ ಪಾತಿಯ ಅಂಚಿನಲ್ಲಿ ತನ್ನ ಮನೆಯನ್ನು ತಾನೇ ಹೊತ್ತುಕೊಂಡು, ಹಿಂದೆ ಬೆಳ್ಳಿಯಂಥ ಒಂದು ಗೆರೆಯನ್ನು ಬಿಡುತ್ತ, ಮೆಲ್ಲಮೆಲ್ಲನೆ ಸಾಗುವ ಆ ಜೀವಿಯನ್ನು ಕಂಡು ಹೆದರಿದವರು ಇಲ್ಲ. ಅದೇ ವಂಶದ ಸಮುದ್ರದ ಪ್ರಾಣಿಗಳು ಸಹ ನಮಗೆ ಅಪರಿಚಿತವಲ್ಲ. ದೇವರ ಮನೆಯ ಶಂಖ, ಚೌಕಾಬಾರದ ಕವಡೆ, ಇವೆರಡೂ ಕಡಲಿನ ಬಸವನಹುಳುಗಳು ಬಿಟ್ಟುಹೋದ ಚಿಪ್ಪುಗಳೇ. ಒಂದನ್ನು ಪೂಜಿಸುತ್ತೇವೆ, ಇನ್ನೊಂದರಿಂದ ಆಡುತ್ತೇವೆ. ಇವುಗಳ ಬಂಧುವರ್ಗದಲ್ಲಿಯೇ ಮನುಷ್ಯನನ್ನು ಕೆಲವು ಗಂಟೆಗಳಲ್ಲಿ ಕೊಲ್ಲಬಲ್ಲ ವಿಷವುಳ್ಳ ಬೇಟೆಗಾರನೊಬ್ಬನಿದ್ದಾನೆಂದರೆ ಮೊದಲು ನಂಬುವುದು ಕಷ್ಟ. ಆ ಪ್ರಾಣಿಯೇ ಈ ದಿನದ ನಮ್ಮ ವಿಷಯ.

ಈ ವರ್ಗದ ಚಿಪ್ಪು ಒಂದು ಕಡೆ ಅಗಲವಾಗಿದ್ದು ಇನ್ನೊಂದು ಕಡೆಗೆ ಕಿರಿದಾಗುತ್ತ ಹೋಗುವುದರಿಂದ, ಶಾಸ್ತ್ರಜ್ಞರು ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕೋನಸ್, ಅಂದರೆ ಶಂಕು, ಎಂದು ಹೆಸರಿಟ್ಟಿದ್ದಾರೆ. ರೇಖಾಗಣಿತದಲ್ಲಿ ನಾವು ಕಲಿತ ಶಂಕುವೇ ಇದು. ಶಂಖಕ್ಕೂ ಶಂಕುವಿಗೂ ಕನ್ನಡದಲ್ಲಿ ಒಂದು ಅಕ್ಷರದ ಅಂತರ. ಸಮುದ್ರದಲ್ಲಿ ಮಾತ್ರ ಆ ಅಂತರ ಬಹು ದೊಡ್ಡದು. ಲೋಕದ ಬೆಚ್ಚನೆಯ ಕಡಲುಗಳಲ್ಲಿ ಒಂಬೈನೂರಕ್ಕೂ ಮೀರಿದ ಶಂಕುಜಾತಿಗಳಿವೆ. ಅವೆಲ್ಲವೂ ವಿಷವುಳ್ಳವೇ. ಇವುಗಳಲ್ಲಿ ಹೆಚ್ಚಿನವು ಸಮುದ್ರದ ಹುಳುಗಳನ್ನು ತಿಂದು ಬದುಕುವುವು. ಕೆಲವು ಇತರ ಬಸವನಹುಳುಗಳನ್ನು ತಿನ್ನುವುವು. ಇನ್ನು ಕೆಲವು ಮೀನನ್ನೇ ಹಿಡಿಯುವುವು. ಮೀನು ಹಿಡಿಯುವ ಜಾತಿಗಳೊಳಗೆ ಮನುಷ್ಯನಿಗೆ ಅತ್ಯಂತ ಅಪಾಯಕರವಾದದ್ದು ಕೋನಸ್ ಜಿಯಾಗ್ರಫಸ್ ಎಂಬುದು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು ೧೭೫೮ರಲ್ಲಿ ಈ ಹೆಸರನ್ನು ಕೊಟ್ಟನು. ಚಿಪ್ಪಿನ ಮೇಲಿನ ಕಂದು ಬಣ್ಣದ ತೇಪೆಗಳು ಭೂಪಟದಲ್ಲಿನ ದೇಶಗಳಂತೆ ಕಾಣುವುದೇ ಈ ಹೆಸರಿಗೆ ಕಾರಣ. ನಾವು ಇದನ್ನು ಭೂಪಟ ಶಂಕು ಎಂದು ಕರೆಯೋಣ.

ಭೂಪಟ ಶಂಕು ಪೂರ್ಣವಾಗಿ ಬೆಳೆದಾಗ ನಾಲ್ಕರಿಂದ ಆರು ಅಂಗುಲ ಉದ್ದವಿರುತ್ತದೆ. ಚಿಪ್ಪು ಹಗುರ, ಬಾಯಿ ಅಗಲ. ಕೆಂಪು ಸಮುದ್ರದಿಂದ ಹಿಡಿದು ಹಿಂದೂ ಮಹಾಸಾಗರವನ್ನು ದಾಟಿ ಪೆಸಿಫಿಕ್ ದ್ವೀಪಗಳವರೆಗೆ ಹವಳದ ದಿಬ್ಬಗಳಿರುವ ಕಡೆ ಇದರ ವಾಸ. ನಮ್ಮ ದೇಶದ ಸುತ್ತಲೂ ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಅಂಡಮಾನ್ ಮೊದಲಾದೆಡೆಗಳಲ್ಲಿ ಶಂಕುವರ್ಗದ ಅನೇಕ ಜಾತಿಗಳುಂಟು. ಹಗಲೆಲ್ಲ ಹವಳದ ಸಂದಿನಲ್ಲಿಯೋ ಮರಳಿನೊಳಗೋ ಹುದುಗಿದ್ದು, ಕತ್ತಲಾದ ಮೇಲೆ ಇವು ಬೇಟೆಗೆ ಹೊರಡುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಸವನಹುಳುವಿನ ನಡಿಗೆ ಎಂಥದೆಂದು ಎಲ್ಲರೂ ಬಲ್ಲರು. ಮೀನಾದರೋ ಮಿಂಚಿನಂತೆ ಓಡತಕ್ಕದ್ದು. ಅಟ್ಟಿಸಿಕೊಂಡು ಹೋಗಲು ಕಾಲಿಲ್ಲ, ಹಿಡಿಯಲು ಕೈಯಿಲ್ಲ, ಕಚ್ಚಿ ಹರಿಯಲು ದವಡೆಯಿಲ್ಲ. ಇಂಥ ಪ್ರಾಣಿ ಮೀನನ್ನು ತಿಂದು ಬದುಕುವುದು ಹೇಗೆ? ವಿಷವಿದೆಯೆಂದು ಹೇಳಿದರೆ ಉತ್ತರ ಅರ್ಧ ಮಾತ್ರವಾಯಿತು. ಹಾವು ಇಲಿಯನ್ನು ಕಚ್ಚಿ ಬಿಟ್ಟು, ಅದು ಸ್ವಲ್ಪ ದೂರ ಓಡಿ ಬಿದ್ದ ಮೇಲೆ ವಾಸನೆ ಹಿಡಿದು ಹೋಗಿ ನುಂಗಬಹುದು. ಶಂಕುವಿಗೆ ಈ ಸೌಕರ್ಯವಿಲ್ಲ. ಕುಟುಕಿಸಿಕೊಂಡ ಮೀನು ನಾಲ್ಕು ಮಾರು ಈಜಿದರೆ ಸಾಕು, ಶಂಕು ಅಲ್ಲಿಗೆ ಹೋಗುವಷ್ಟರಲ್ಲಿ ಅದು ಮತ್ತೊಬ್ಬರ ಹೊಟ್ಟೆ ಸೇರಿರುತ್ತದೆ. ಆದಕಾರಣ ಇದರ ವಿಷ ಕೊಲ್ಲುವಂಥದಾದರೆ ಸಾಲದು. ಮೀನು ಒಂದು ಬಾರಿ ಬಾಲವನ್ನು ಬಡಿಯುವುದಕ್ಕೆ ಮುಂಚೆಯೇ ಅದನ್ನು ನಿಲ್ಲಿಸಬೇಕು. ಈ ಪ್ರಾಣಿಯ ಸೋಜಿಗಗಳಿಗೆಲ್ಲ ಇದೇ ಮೂಲ. ಅದರ ಮಂದಗತಿಯೇ ಅದರ ವಿಷದ ವೇಗಕ್ಕೆ ಕಾರಣವಾಯಿತು.

ಈಗ ಅದರ ಆಯುಧವನ್ನು ನೋಡೋಣ. ತೋಟದ ಬಸವನಹುಳುವಿನ ಬಾಯಿಯಲ್ಲಿ ಅರದಂತೆ ಒರಟಾದ ಒಂದು ಪಟ್ಟಿಯಿದ್ದು, ಅದರ ಮೇಲೆ ಸಾವಿರಾರು ಸಣ್ಣ ಹಲ್ಲುಗಳಿರುತ್ತವೆ. ಎಲೆಯನ್ನು ಕೆರೆದು ತಿನ್ನಲು ಅದು ಸಾಧನ. ಶಂಕುವಿನಲ್ಲಿ ಇದೇ ಹಲ್ಲು ಬೇರೊಂದು ರೂಪವನ್ನು ತಾಳಿದೆ. ಒಂದೊಂದು ಹಲ್ಲೂ ಸುರುಳಿ ಸುತ್ತಿದ ಕಾಗದದಂತೆ ಒಳಗೆ ಟೊಳ್ಳಾಗಿ, ತುದಿಯಲ್ಲಿ ಹಿಮ್ಮುಖವಾದ ಮುಳ್ಳುಗಳುಳ್ಳ ಭರ್ಜಿಯಾಗಿದೆ. ವೈದ್ಯರ ಸೂಜಿ ಮತ್ತು ಬೆಸ್ತರ ಭರ್ಜಿ, ಎರಡೂ ಒಂದೇ ವಸ್ತುವಿನಲ್ಲಿ ಸೇರಿದರೆ ಹೇಗೋ ಹಾಗೆ. ಒಂದು ಹಲ್ಲಿನ ಉಪಯೋಗ ಒಂದೇ ಬಾರಿ. ಬತ್ತಳಿಕೆಯಲ್ಲಿ ಬಾಣಗಳಿರುವಂತೆ ಒಂದು ಚೀಲದಲ್ಲಿ ಇಂಥ ಹಲ್ಲುಗಳು ಸಿದ್ಧವಾಗಿರುತ್ತವೆ. ಉದ್ದವಾದ ಸುರುಳಿನಾಳವೊಂದರಲ್ಲಿ ವಿಷ ತಯಾರಾಗುತ್ತದೆ. ನಾಳದ ಕೊನೆಯಲ್ಲಿರುವ ಮಾಂಸಲವಾದ ಬುರುಡೆ ಕುಗ್ಗಿ ಅದನ್ನು ಮುಂದಕ್ಕೆ ಒತ್ತುತ್ತದೆ. ನೀರಿನಲ್ಲಿ ಬೇಟೆಯ ವಾಸನೆಯನ್ನು ಒಂದು ನಳಿಕೆಯಿಂದ ಗುರುತಿಸಿದೊಡನೆ ಶಂಕು ತನ್ನ ಸೊಂಡಿಲನ್ನು ಮೆಲ್ಲನೆ ಚಾಚುತ್ತದೆ. ಸೊಂಡಿಲಿನ ತುದಿ ಮೀನಿನ ಮೈಗೆ ಸೋಕಿತೋ ಇಲ್ಲವೋ, ಭರ್ಜಿ ನಾಟಿರುತ್ತದೆ.

ಇಂಥ ಜಡಪ್ರಾಣಿ ಮೀನನ್ನು ಹಿಡಿಯುತ್ತದೆಂಬುದನ್ನು ಶಾಸ್ತ್ರಜ್ಞರೂ ಬಹುಕಾಲ ಕಣ್ಣಾರೆ ಕಂಡಿರಲಿಲ್ಲ. ಹವಾಯಿ ದ್ವೀಪದಲ್ಲಿ ಶಂಕುಗಳನ್ನು ಸಾಕಿ ನೋಡಿದ ಅಲನ್ ಕೋನ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞರು ೧೯೫೬ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಅವರು ವರ್ಣಿಸಿದ ಜಾತಿ ಭರ್ಜಿಯನ್ನು ಬಿಟ್ಟುಕೊಡದೆ, ಗಾಳದಲ್ಲಿ ಸಿಕ್ಕ ಮೀನನ್ನು ಎಳೆದುಕೊಳ್ಳುವಂತೆ ಬಾಯೊಳಕ್ಕೆ ಎಳೆದುಕೊಳ್ಳುವಂಥದು. ನಮ್ಮ ಭೂಪಟ ಶಂಕುವಿನ ಕ್ರಮ ಬೇರೆ. ಅದು ಗಾಳದವನಲ್ಲ, ಬಲೆಯವನು. ರಾತ್ರಿಯ ಹೊತ್ತು ಹವಳದ ಸಂದುಗಳಲ್ಲಿ ವಿಶ್ರಮಿಸುವ ಸಣ್ಣ ಮೀನುಗಳ ಬಳಿಗೆ ಬಂದು, ತನ್ನ ಬಾಯಿಯ ಅಂಚನ್ನು ಆಲಿಕೆಯಂತೆ ಅಗಲಿಸಿ, ಒಂದೋ ಎರಡೋ ಮೀನುಗಳನ್ನು ಅದರೊಳಗೆ ಮುಚ್ಚಿಕೊಳ್ಳುತ್ತದೆ. ಕುಟುಕುವುದು ಆಮೇಲೆ, ಒಳಗೆ. ಕೆಲವು ಗಂಟೆಗಳ ತರುವಾಯ ಮೂಳೆ, ಹುರುಪೆ ಮತ್ತು ಉಪಯೋಗಿಸಿ ಮುಗಿದ ಭರ್ಜಿಗಳನ್ನು ಹೊರಕ್ಕೆ ಉಗುಳಿಬಿಡುತ್ತದೆ.

ಆ ಮೀನುಗಳು ಬಲೆ ಕವಿಯುವಾಗ ಏಕೆ ಓಡಿಹೋಗುವುದಿಲ್ಲ? ಇದಕ್ಕೆ ೨೦೧೫ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಉತ್ತರ ಕೊಟ್ಟರು. ಭೂಪಟ ಶಂಕುವಿನ ವಿಷದಲ್ಲಿ ಇನ್ಸುಲಿನ್ ಇದೆ. ಅದೂ ಬಸವನಹುಳುವಿನ ಮೈಗೆ ಬೇಕಾದ ಇನ್ಸುಲಿನ್ ಅಲ್ಲ, ಮೀನಿನ ಇನ್ಸುಲಿನ್ನನ್ನು ಹೋಲುವಂಥದು. ಇದನ್ನು ನೀರಿನಲ್ಲಿ ಬಿಟ್ಟರೆ ಅದು ಕಿವಿರುಗಳ ಮೂಲಕ ಮೀನಿನ ರಕ್ತವನ್ನು ಸೇರಿ, ರಕ್ತದ ಸಕ್ಕರೆಯನ್ನು ತಟ್ಟನೆ ಇಳಿಸುತ್ತದೆ; ಮೀನು ಮಂಕಾಗಿ ನಿಂತುಬಿಡುತ್ತದೆ ಎಂಬುದು ಅವರ ಅಭಿಪ್ರಾಯ. ಮಧುಮೇಹದವರು ಇನ್ಸುಲಿನ್ ಹೆಚ್ಚಾಗಿ ತೆಗೆದುಕೊಂಡು ಹೊತ್ತಿಗೆ ಊಟಮಾಡದಿದ್ದರೆ ಕಣ್ಣು ಕತ್ತಲೆ ಬರುವುದನ್ನು ಬಲ್ಲವರಿಗೆ ಆ ಮೀನಿನ ಅವಸ್ಥೆ ಅರ್ಥವಾದೀತು.

ಮನುಷ್ಯನು ಶಂಕುವಿಗೆ ಆಹಾರವಲ್ಲ. ಆದರೆ ಅದರ ಚಿಪ್ಪು ಅಂದವಾಗಿದೆ. ಅಂದವಾದದ್ದನ್ನು ಕೈಗೆತ್ತಿಕೊಳ್ಳುವುದು ನಮ್ಮ ಸ್ವಭಾವ, ಎತ್ತಿಕೊಂಡವರನ್ನು ಕುಟುಕುವುದು ಅದರ ಸ್ವಭಾವ. ಈಸ್ಟ್ ಇಂಡೀಸ್‌ನ ಅಂಬೋನ್ ದ್ವೀಪದಲ್ಲಿ ನೆಲೆಸಿದ್ದ ರುಂಫಿಯಸ್ ಎಂಬ ವಿದ್ವಾಂಸನು, ನಡುವಯಸ್ಸಿನಲ್ಲಿಯೇ ಕುರುಡನಾಗಿಯೂ ಆ ದ್ವೀಪಗಳ ಜೀವಸಂಪತ್ತನ್ನು ವರ್ಣಿಸಿ ಗ್ರಂಥಗಳನ್ನು ರಚಿಸಿದನು. ಅವನು ಸತ್ತ ಮೇಲೆ, ೧೭೦೫ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಬಾಂಡಾ ದ್ವೀಪದ ಒಬ್ಬ ದಾಸಿಯ ಮರಣದ ವಿಷಯವಿದೆ. ಬಲೆ ಎಳೆಯುತ್ತಿದ್ದಾಗ ಸಿಕ್ಕ ಒಂದು ಶಂಕುವನ್ನು ಅವಳು ಕೈಯಲ್ಲಿ ಹಿಡಿದುಕೊಂಡಳು. ಅಂಗೈಯಲ್ಲಿ ಏನೋ ನವೆಯಾದಂತಾಯಿತು, ಅದು ತೋಳಿಗೇರಿ ಮೈಯೆಲ್ಲ ವ್ಯಾಪಿಸಿತು, ಅವಳು ಸತ್ತಳು. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಭೂಪಟ ಶಂಕುವಿನಿಂದಾದ ಮರಣಗಳಲ್ಲಿ ವೈದ್ಯರು ಸವಿವರವಾಗಿ ದಾಖಲೆಮಾಡಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ತೀರದ ಹೇಮನ್ ದ್ವೀಪದಲ್ಲಿ ೧೯೩೫ರಲ್ಲಿ ನಡೆದದ್ದು. ಆರೋಗ್ಯವಂತನಾದ ಇಪ್ಪತ್ತೇಳು ವರ್ಷದ ತರುಣನೊಬ್ಬನು ಜೀವಂತವಾದ ಚಿಪ್ಪನ್ನು ಅಂಗೈಯಲ್ಲಿ ಹಿಡಿದು ಅದರ ಮೇಲಿನ ಪೊರೆಯನ್ನು ಚಾಕುವಿನಿಂದ ಕೆರೆಯುತ್ತಿದ್ದನು. ಕುಟುಕಿದಲ್ಲಿ ಒಂದು ಸಣ್ಣ ಚುಕ್ಕೆ, ಸ್ವಲ್ಪ ಜೋಮು. ನೋವೇ ಇಲ್ಲ. ಹತ್ತು ನಿಮಿಷಕ್ಕೆ ತುಟಿಗಳು ಬಿಗಿದವು. ಇಪ್ಪತ್ತು ನಿಮಿಷಕ್ಕೆ ದೃಷ್ಟಿ ಮಸಕಾಗಿ ಒಂದು ವಸ್ತು ಎರಡಾಗಿ ಕಂಡಿತು. ಅರ್ಧ ಗಂಟೆಗೆ ಕಾಲುಗಳು ಸ್ವಾಧೀನ ತಪ್ಪಿದವು. ಒಂದು ಗಂಟೆಗೆ ಪ್ರಜ್ಞೆ ಹೋಯಿತು. ಐದು ಗಂಟೆಗಳಲ್ಲಿ ಪ್ರಾಣ ಹೋಯಿತು. ಈ ಪ್ರಾಣಿಯ ಕುಟುಕಿಗೆ ಸಿಕ್ಕವನಿಗೆ ಒಂದು ಸಿಗರೇಟು ಸೇದುವಷ್ಟು ಆಯುಸ್ಸು ಮಾತ್ರ ಉಳಿದಿರುತ್ತದೆಂಬ ಮಾತು ರೂಢಿಯಲ್ಲಿದೆ. ಅದು ಅತಿಶಯೋಕ್ತಿ, ಆ ಅತಿಶಯೋಕ್ತಿಯಿಂದ ಹಾನಿಯೂ ಉಂಟು. ಏಕೆಂದರೆ ಆ ಕೆಲವು ಗಂಟೆಗಳಲ್ಲಿ ಮಾಡತಕ್ಕ ಕೆಲಸವಿದೆ.

ಈ ವಿಷಕ್ಕೆ ಹಾವಿನ ವಿಷಕ್ಕಿರುವಂಥ ಪ್ರತಿವಿಷ ಇಲ್ಲ. ಆದರೆ ಇದು ಸಾಮಾನ್ಯವಾಗಿ ಕೊಲ್ಲುವುದು ಉಸಿರಾಟದ ಮಾಂಸಖಂಡಗಳನ್ನು ನಿಲ್ಲಿಸಿ. ಬಾಯಿಂದ ಬಾಯಿಗೆ ಊದಿಯಾಗಲಿ, ಆಸ್ಪತ್ರೆಯ ಯಂತ್ರದಿಂದಾಗಲಿ, ಉಸಿರನ್ನು ಕೆಲವು ಗಂಟೆಗಳ ಕಾಲ ಎಡೆಬಿಡದೆ ನಡೆಸಿದರೆ ವಿಷದ ಪ್ರಭಾವ ತಾನಾಗಿ ಇಳಿದು ರೋಗಿ ಬದುಕುವ ಸಂಭವವುಂಟು. ಕುಟುಕಿದ ಅಂಗವನ್ನು ಬಟ್ಟೆಯಿಂದ ಸುತ್ತಿ, ಅಲುಗಾಡಿಸದೆ, ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ನೋವಿಲ್ಲವೆಂದು ಸುಮ್ಮನಿರಬಾರದು. ಚಿಪ್ಪಿನ ಅಗಲದ ತುದಿಯನ್ನು ಹಿಡಿದರೆ ಅಪಾಯವಿಲ್ಲವೆಂಬ ನಂಬಿಕೆಯೂ ತಪ್ಪು. ಸೊಂಡಿಲು ಅಲ್ಲಿಗೂ ಬಾಗಿ ಮುಟ್ಟಬಲ್ಲುದು. ಚಿಪ್ಪನ್ನು ಜೇಬಿನಲ್ಲಿ ಹಾಕಿಕೊಳ್ಳುವುದಂತೂ ಕೂಡದು.

ಬೇಟೆಗೆ ಬಳಸುವ ವಿಷವೂ ಆತ್ಮರಕ್ಷಣೆಗೆ ಬಳಸುವ ವಿಷವೂ ಭೂಪಟ ಶಂಕುವಿನಲ್ಲಿ ಒಂದೇ ಅಲ್ಲವೆಂಬುದು ೨೦೧೪ರಲ್ಲಿ ತಿಳಿದುಬಂತು. ವಿಷನಾಳದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಮಿಶ್ರಣಗಳು ತಯಾರಾಗುತ್ತವೆ. ಮನುಷ್ಯನನ್ನು ನಿಶ್ಚೇಷ್ಟಿತನನ್ನಾಗಿ ಮಾಡುವ ವಸ್ತುಗಳು ಹೇರಳವಾಗಿರುವುದು ರಕ್ಷಣೆಯ ಮಿಶ್ರಣದಲ್ಲಿ. ಎಂದರೆ, ನಾವು ಅದನ್ನು ಹಿಡಿದುಕೊಂಡಾಗ ಅದು ನಮ್ಮನ್ನು ಬೇಟೆಯೆಂದು ಭ್ರಮಿಸುವುದಿಲ್ಲ, ಶತ್ರುವೆಂದು ಭಾವಿಸುತ್ತದೆ. ಅದರ ಎಣಿಕೆ ತಪ್ಪೆಂದು ಹೇಳುವುದಕ್ಕೆ ನಮಗೆ ಆಧಾರ ಸಾಲದು.

ಹಾಗಾದರೆ ಆ ವಿಷವೆಂಬುದೇನು? ಅದು ಒಂದು ವಸ್ತುವಲ್ಲ. ಒಂದೊಂದು ಜಾತಿಯ ವಿಷದಲ್ಲಿಯೂ ನೂರಕ್ಕೆ ಮೀರಿದ ಘಟಕಗಳಿವೆ. ಒಂದು ಜಾತಿಯವು ಇನ್ನೊಂದರಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಪೆಪ್ಟೈಡುಗಳೆಂಬ ಪುಟ್ಟ ಸರಪಳಿಗಳು. ನಾವು ತಿನ್ನುವ ಬೇಳೆಯ ಸಸಾರಜನಕ ಯಾವ ಅಮೈನೋ ಆಮ್ಲಗಳಿಂದ ಆಗಿದೆಯೋ ಅವೇ ಇಲ್ಲಿಯೂ ಕೊಂಡಿಗಳು. ನಮ್ಮ ನರಗಳಲ್ಲಿ ಸುದ್ದಿ ಹರಿಯುವುದು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಕಣಗಳು ಅತಿ ಸೂಕ್ಷ್ಮವಾದ ಬಾಗಿಲುಗಳ ಮೂಲಕ ಒಳಗೆ ಹೊರಗೆ ಹೋಗಿ ಬರುವುದರಿಂದ. ಶಂಕುವಿನ ಒಂದೊಂದು ಪೆಪ್ಟೈಡೂ ಒಂದೊಂದು ಬಾಗಿಲಿಗೆ ಸರಿಹೊಂದುವ ಬೀಗದ ಕೈ. ಭರ್ಜಿಯಿಂದ ಬೇಟೆಯಾಡುವ ಜಾತಿಗಳಲ್ಲಿ ಕೆಲವು ಕೈಗಳು ಬಾಗಿಲನ್ನು ತೆರೆದು ನಿಲ್ಲಿಸಿ, ವಿದ್ಯುತ್ತು ತಗುಲಿದಂತೆ ಮೀನನ್ನು ಕ್ಷಣದಲ್ಲಿ ಸೆಟೆದುಕೊಳ್ಳುವಂತೆ ಮಾಡುತ್ತವೆ. ಮತ್ತೆ ಕೆಲವು ನಿಧಾನವಾಗಿ, ನರದಿಂದ ಮಾಂಸಖಂಡಕ್ಕೆ ಹೋಗುವ ಆಜ್ಞೆಯನ್ನೇ ತಡೆಯುತ್ತವೆ. ಮೀನು ಒಂದು ಬಾರಿ ಬಾಲ ಬಡಿಯುವ ಮೊದಲೇ ಅದನ್ನು ನಿಲ್ಲಿಸಬೇಕೆಂದು ಮೊದಲು ಹೇಳಿದೆವಷ್ಟೆ. ಆ ಅಗತ್ಯವೇ ಇಷ್ಟು ಕೈಗಳನ್ನು ಇಷ್ಟು ನಿಖರವಾಗಿ ಅರೆಯಿಸಿದ್ದು.

ಈ ಗೊಂಚಲನ್ನು ಬಿಡಿಸಿ ನೋಡಿದವರಲ್ಲಿ ಮುಖ್ಯರು ಫಿಲಿಪ್ಪೀನ್ಸ್ ದೇಶದ ಬಾಲ್ಡೊಮೆರೊ ಒಲಿವೆರಾ. ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಿ ಮನಿಲಾ ನಗರಕ್ಕೆ ಹಿಂತಿರುಗಿದ ಅವರಿಗೆ, ಅಲ್ಲಿ ಕಲಿತ ವಿಷಯವನ್ನು ಇಲ್ಲಿ ಮುಂದುವರಿಸಲು ಬೇಕಾದ ಯಂತ್ರಸಾಮಗ್ರಿಗಳು ದೊರೆಯಲಿಲ್ಲ. ತಮ್ಮ ದೇಶದಲ್ಲಿ ಸಮೃದ್ಧಿಯಾಗಿ, ಸುಲಭವಾಗಿ ಸಿಕ್ಕುವ ವಸ್ತು ಯಾವುದೆಂದು ಯೋಚಿಸಿ, ಬಾಲ್ಯದಿಂದಲೂ ತಾವು ಕೂಡಿಸುತ್ತಿದ್ದ ಚಿಪ್ಪುಗಳ ಕಡೆಗೆ ತಿರುಗಿದರು. ಲೂರ್ಡೆಸ್ ಕ್ರೂಜ್ ಎಂಬ ವಿದುಷಿಯೊಡನೆ ಭೂಪಟ ಶಂಕುವಿನ ವಿಷದಿಂದಲೇ ಅವರು ಕೆಲಸ ಮೊದಲುಮಾಡಿದರು. ಅದರಲ್ಲಿ ಸಿಕ್ಕ ಒಂದು ಪೆಪ್ಟೈಡು ಕೇವಲ ಹದಿಮೂರು ಕೊಂಡಿಗಳದು. ಆದರೆ ಅದು ಹಿಡಿಯುವುದು ನಾಗರಹಾವಿನ ವಿಷ ಹಿಡಿಯುವ ಬಾಗಿಲನ್ನೇ. ಹೀಗಿರುವಲ್ಲಿ, ಹೊಸದೇನೂ ಇಲ್ಲವೆಂದು ಕೆಲಸವನ್ನು ಅಲ್ಲಿಗೇ ನಿಲ್ಲಿಸುವುದಕ್ಕೆ ಅವಕಾಶವಿತ್ತು.

ಅದು ನಿಲ್ಲದಂತೆ ಮಾಡಿದವರು ವಿದ್ಯಾರ್ಥಿಗಳು. ಒಲಿವೆರಾ ಅವರು ಆ ವೇಳೆಗೆ ಯೂಟಾ ವಿಶ್ವವಿದ್ಯಾನಿಲಯವನ್ನು ಸೇರಿದ್ದರು. ಅಲ್ಲಿ ಕ್ರೇಗ್ ಕ್ಲಾರ್ಕ್ ಎಂಬ ತರುಣ ವಿದ್ಯಾರ್ಥಿಯು, ವಿಷದ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸಿ, ಇಲಿಗಳ ಹೊಟ್ಟೆಗೆ ಚುಚ್ಚುವುದರ ಬದಲು ನೇರವಾಗಿ ಮಿದುಳಿಗೆ ಚುಚ್ಚಿ ನೋಡೋಣವೆಂದನು. ಫಲ ವಿಚಿತ್ರವಾಗಿತ್ತು. ಒಂದು ಘಟಕದಿಂದ ಇಲಿ ನಡುಗಿತು, ಇನ್ನೊಂದರಿಂದ ಮೈ ಕೆರೆದುಕೊಂಡಿತು, ಮತ್ತೊಂದರಿಂದ ಮಲಗಿತು. ಭೂಪಟ ಶಂಕುವಿನ ಒಂದು ಪೆಪ್ಟೈಡಂತೂ ಎಳೆಯ ಇಲಿಮರಿಗಳನ್ನು ಮಲಗಿಸಿತು, ಬೆಳೆದ ಇಲಿಗಳನ್ನು ಹುಚ್ಚುಹಿಡಿದಂತೆ ಓಡಾಡಿಸಿತು. ಒಂದೊಂದಕ್ಕೂ ಗುರಿ ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಅದೇ ಪ್ರಯೋಗಶಾಲೆಯಲ್ಲಿ ಪ್ರೌಢಶಾಲೆಯಿಂದ ಆಗತಾನೆ ಬಂದಿದ್ದ ಮೈಕೇಲ್ ಮ್ಯಾಕಿಂಟಾಷ್ ಎಂಬ ತರುಣನು, ಭೂಪಟ ಶಂಕುವಿನ ಸೋದರ ಜಾತಿಯಾದ ಕೋನಸ್ ಮ್ಯಾಗಸ್ ಎಂಬುದರಿಂದ ಇಪ್ಪತ್ತೈದು ಕೊಂಡಿಗಳ ಒಂದು ಪೆಪ್ಟೈಡನ್ನು ಬೇರ್ಪಡಿಸಿದನು. ನೋವಿನ ಸುದ್ದಿ ಬೆನ್ನುಹುರಿಯನ್ನು ತಲಪಿ ಮುಂದಿನ ನರಕ್ಕೆ ದಾಟುವ ಸ್ಥಳದಲ್ಲಿ ಕ್ಯಾಲ್ಸಿಯಂ ಕಣಗಳ ಒಂದು ಬಗೆಯ ಬಾಗಿಲಿದೆ. ಈ ಪೆಪ್ಟೈಡು ಅದನ್ನು ಮುಚ್ಚುತ್ತದೆ. ಸುದ್ದಿ ಅಲ್ಲಿಗೇ ನಿಲ್ಲುತ್ತದೆ. ಇದೇ ವಸ್ತುವನ್ನು ರಾಸಾಯನಿಕವಾಗಿ ತಯಾರಿಸಿ, ಜಿಕೊನೊಟೈಡ್ ಎಂಬ ಹೆಸರಿನಿಂದ, ಅಮೆರಿಕದ ಸರ್ಕಾರವು ೨೦೦೪ರ ಡಿಸೆಂಬರ್ ತಿಂಗಳಿನಲ್ಲಿ ಔಷಧವಾಗಿ ಅಂಗೀಕರಿಸಿತು. ಅಫೀಮಿನಿಂದ ಬರುವ ಮಾರ್ಫಿಯಾಕ್ಕಿಂತ ಇದು ಅನೇಕ ಪಾಲು ಪ್ರಬಲ. ಆದರೂ ಅದರಂತೆ ಚಟ ಹಿಡಿಸುವುದಿಲ್ಲ, ದಿನದಿನಕ್ಕೆ ಹೆಚ್ಚು ಹೆಚ್ಚು ಬೇಕಾಗುವುದೂ ಇಲ್ಲ. ಕ್ಯಾನ್ಸರ್ ಮೊದಲಾದ ರೋಗಗಳಲ್ಲಿ ಮಾರ್ಫಿಯಾಕ್ಕೂ ಬಗ್ಗದ ನೋವನ್ನು ಅನುಭವಿಸುವವರಿಗೆ ಇದು ದಿಕ್ಕು. ಇದನ್ನು ನುಂಗುವ ಹಾಗಿಲ್ಲ. ಮೈಯೊಳಗೆ ಇಟ್ಟ ಪಂಪು ಅಥವಾ ಹೊರಗಿನ ಪಂಪಿನ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ತೊಟ್ಟುತೊಟ್ಟಾಗಿ ಸೇರಿಸಬೇಕು. ಪ್ರಮಾಣ ತಪ್ಪಿದರೆ ಬುದ್ಧಿಭ್ರಮೆಯೂ ಬರಬಹುದು. ಆದ್ದರಿಂದ ಇದು ಸರ್ವರೋಗ ನಿವಾರಕವಲ್ಲ, ಬೇರೆ ದಾರಿಯಿಲ್ಲದವರಿಗೆ ಒಂದು ದಾರಿ. ಶಂಖದಿಂದ ಬಂದರೇ ತೀರ್ಥವೆಂದು ನಮ್ಮಲ್ಲಿ ಗಾದೆಯಿದೆ. ಇಲ್ಲಿ ಶಂಕುವಿನಿಂದ ಬಂದದ್ದು ವಿಷ; ಅದು ತೀರ್ಥವಾದದ್ದು ಹಲವು ವರ್ಷಗಳ ತಾಳ್ಮೆಯಿಂದ.

ಇನ್ಸುಲಿನ್ ವಿಷಯವೂ ಹೀಗೆಯೇ ಮುಂದುವರಿದಿದೆ. ಮನುಷ್ಯನ ಇನ್ಸುಲಿನ್ನಿನ ಅಣುಗಳು ಆರಾರಾಗಿ ಗುಂಪುಕಟ್ಟಿಕೊಂಡಿರುತ್ತವೆ. ಬಿಡಿಬಿಡಿಯಾದ ಮೇಲೆಯೇ ಕೆಲಸ ಆರಂಭ. ಶಂಕುವಿನ ಇನ್ಸುಲಿನ್ ಗುಂಪುಕಟ್ಟುವುದಿಲ್ಲ. ಬೇಟೆಯಲ್ಲಿ ಕಾಯುವ ವ್ಯವಧಾನ ಅದಕ್ಕೆಲ್ಲಿದೆ? ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು, ಚುಚ್ಚಿದೊಡನೆ ಕೆಲಸಮಾಡುವ ಇನ್ಸುಲಿನ್ನನ್ನು ರೂಪಿಸುವ ಸಂಶೋಧನೆ ನಡೆದಿದೆ.

ಈಗ ಕೊನೆಯದಾಗಿ ಒಂದು ವಿಚಾರ. ಶಂಕುವಿನ ಚಿಪ್ಪಿಗೆ ಮನುಷ್ಯನು ಬೆಲೆಕಟ್ಟಿದ್ದು ಹೊಸದಲ್ಲ. ಚಿತ್ರಕಾರ ರೆಂಬ್ರಾಂಟನು ೧೬೫೦ರಲ್ಲಿ ಒಂದು ಶಂಕುವನ್ನು ತಾಮ್ರದ ತಗಡಿನ ಮೇಲೆ ಕೊರೆದನು. ಅಚ್ಚಿನಲ್ಲಿ ಎಡಬಲಗಳು ತಿರುಗಿಬೀಳುವುದರಿಂದ, ಆ ಚಿತ್ರದ ಶಂಕುವಿನ ಸುರುಳಿ ಪ್ರಕೃತಿಯಲ್ಲಿಲ್ಲದ ದಿಕ್ಕಿಗೆ ಸುತ್ತಿದೆ. ೧೭೯೬ರಲ್ಲಿ ಹಾಲೆಂಡಿನ ಒಂದು ಹರಾಜಿನಲ್ಲಿ ವರ್ಮೀರ್ ಎಂಬ ಮಹಾಚಿತ್ರಕಾರನ ಪಟಕ್ಕಿಂತ ಒಂದು ಅಪೂರ್ವ ಶಂಕುವಿನ ಚಿಪ್ಪು ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಇಷ್ಟು ಕಾಲ ನಾವು ಬೆಲೆಕೊಟ್ಟದ್ದೆಲ್ಲ ಸತ್ತ ಚಿಪ್ಪಿಗೆ. ಒಳಗಿದ್ದ ಜೀವವನ್ನು ಕಿತ್ತೆಸೆದು, ಅದು ಕಟ್ಟಿದ ಮನೆಯನ್ನು ಗಾಜಿನ ಬೀರುವಿನಲ್ಲಿಟ್ಟೆವು. ಬೀಗದ ಕೈಗಳ ಗೊಂಚಲಿದ್ದದ್ದು ಆ ಎಸೆದ ಭಾಗದಲ್ಲಿ.

ಅಷ್ಟರಲ್ಲಿ ಅವುಗಳ ಬೀಡೂ ಕುಗ್ಗುತ್ತಿದೆ. ಸಮುದ್ರದ ನೀರು ಬಿಸಿಯೇರಿ ಹವಳದ ದಿಬ್ಬಗಳು ಬಿಳಿಚಿ ಸಾಯುತ್ತಿವೆ. ತೀರಗಳಲ್ಲಿ ಕಟ್ಟಡಗಳೂ ಕೊಳಕೂ ಹೆಚ್ಚುತ್ತಿವೆ. ೨೦೧೩ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ೬೩೨ ಶಂಕುಜಾತಿಗಳನ್ನು ಪರಿಶೀಲಿಸಲಾಗಿ, ಅವುಗಳಲ್ಲಿ ೬೭ ಜಾತಿಗಳು ಅಳಿವಿನ ಅಪಾಯದಲ್ಲಿವೆ ಇಲ್ಲವೆ ಅದರ ಸಮೀಪದಲ್ಲಿವೆ ಎಂದು ಕಂಡುಬಂತು. ಅಟ್ಲಾಂಟಿಕ್ ಸಾಗರದ ಕೇಪ್ ವರ್ಡಿಯಲ್ಲಿ ಒಂದೇ ಒಂದು ದ್ವೀಪಕ್ಕೆ ಸೇರಿದ ಜಾತಿಗಳು ಎಷ್ಟೋ ಇವೆ. ಆ ತೀರ ಕೆಟ್ಟರೆ ಆ ಜಾತಿ ಲೋಕದಲ್ಲಿಯೇ ಇಲ್ಲ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಶಾಸನದ ರಕ್ಷಿತ ಪಟ್ಟಿಗೆ ೨೦೦೧ರಲ್ಲಿ ಒಂದು ಶಂಕುಜಾತಿಯನ್ನೂ ಸೇರಿಸಿದರು. ಒಂದೊಂದು ಜಾತಿಗೂ ತನ್ನದೇ ಆದ ನೂರಾರು ಪೆಪ್ಟೈಡುಗಳೆಂದು ಹೇಳಿದೆವಷ್ಟೆ. ಈವರೆಗೆ ಶಾಸ್ತ್ರಜ್ಞರು ಬಿಡಿಸಿ ನೋಡಿರುವುದು ಅವುಗಳಲ್ಲಿ ಅತ್ಯಲ್ಪ ಭಾಗವನ್ನು. ಓದದೆಯೇ ಸುಟ್ಟುಹೋದ ತಾಳೆಯೋಲೆಯ ಕಟ್ಟಿನಲ್ಲಿ ಏನಿತ್ತೆಂದು ಯಾರು ಹೇಳಬಲ್ಲರು?

ಆದುದರಿಂದ ಲಕ್ಷದ್ವೀಪದಲ್ಲಿಯೋ ಅಂಡಮಾನಿನಲ್ಲಿಯೋ ಹವಳದ ನಡುವೆ ಭೂಪಟವನ್ನು ಬರೆದಂತಿರುವ ಅಂದವಾದ ಚಿಪ್ಪೊಂದು ಕಣ್ಣಿಗೆ ಬಿದ್ದರೆ, ಅದನ್ನು ಮುಟ್ಟದೆ ಇದ್ದಲ್ಲಿಯೇ ಬಿಟ್ಟು ಬರುವುದು ಲೇಸು. ಹಾಗೆ ಬಿಡುವುದರಿಂದ ನಮ್ಮ ಪ್ರಾಣ ಉಳಿಯುವುದೆಂಬುದು ಒಂದು ಕಾರಣ. ಅದರ ಪ್ರಾಣ ಉಳಿದರೆ, ಎಲ್ಲಿಯೋ ನೋವಿನಿಂದ ನಿದ್ರೆಗೆಟ್ಟು ಮಲಗಿರುವ ಒಬ್ಬ ರೋಗಿಗೆ ಮುಂದೆಂದಾದರೂ ಒಂದು ರಾತ್ರಿಯ ನಿದ್ರೆ ದೊರೆತೀತೆಂಬುದು ಇನ್ನೊಂದು.